ಡೀಸೆಲ್ ಪಿಕಪ್ ಹೊಗೆ ಉಗುಳಿದರೆ: ಎಂಜಿನ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಟೊಮೆಟೊ ಕ್ರೇಟ್ ತುಂಬಿದ ಬೊಲೆರೊ ಪಿಕಪ್ ಏರು ಹತ್ತುವಾಗ ಹಿಂದೆ ಕಪ್ಪು ಹೊಗೆ ಬಿಡುತ್ತಿದೆ. ಮೊದಲಿನ ಎಳೆತ ಇಲ್ಲ ಎಂದು ಡ್ರೈವರ್ ಹೇಳುತ್ತಾರೆ. ಗ್ಯಾರೇಜಿಗೆ ಹೋದರೆ ಒಬ್ಬರು ‘ನಾಝಲ್ ಹೋಗಿದೆ’ ಎನ್ನುತ್ತಾರೆ, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೆಟ್ಟಿದೆ ಎಂದು. ಇನ್ನೊಬ್ಬರು ‘ಬೋರ್ ಬಂದಿದೆ, ಎಂಜಿನ್ ಇಳಿಸಬೇಕು’ ಎನ್ನುತ್ತಾರೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಸವೆದಿದೆ ಎಂದು. ಎರಡೂ ದೊಡ್ಡ ಖರ್ಚಿನ ಮಾತು. ಗಾಡಿ ಒಂದು ವಾರ ನಿಂತರೆ ಬಾಡಿಗೆ ಹೋಯಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದಲೇ ಎಂಜಿನ್ ಬಿಚ್ಚಿಸುವ ಮೊದಲು ಹೊಗೆಯನ್ನು ಸರಿಯಾಗಿ ಗಮನಿಸುವುದು ಗಾಡಿಯ ಮಾಲೀಕರಿಗೂ ಗೊತ್ತಿರಬೇಕು. ಎಷ್ಟೋ ಸಲ ತೊಂದರೆ ಇರುವುದು ಎಂಜಿನ್ನಿನ ಹೊರಗೆ.

ಕಪ್ಪು ಬಂದರೆ ಡೀಸೆಲ್ ಜಾಸ್ತಿ, ನೀಲಿ ಬಂದರೆ ಆಯಿಲ್, ಬಿಳಿ ಬಂದರೆ ನೀರು. ಇಷ್ಟು ಬಹಳ ಜನರಿಗೆ ಗೊತ್ತು. ಇದು ಪೂರ್ತಿ ತಪ್ಪಲ್ಲ, ಆದರೆ ಅರ್ಧ ಮಾತು. ಏನು ಸುಡದೆ ಹೊರಗೆ ಹೋಗುತ್ತಿದೆ ಎನ್ನುವುದನ್ನು ಬಣ್ಣ ಹೇಳುತ್ತದೆ. ಯಾಕೆ ಎನ್ನುವುದನ್ನು ಹೇಳುವುದು ಹೊಗೆ ಬರುವ ಹೊತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬರುತ್ತದೆಯೇ? ಲೋಡ್ ಇದ್ದು ಏರು ಹತ್ತುವಾಗಲೇ? ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗಲೇ? ಅಥವಾ ಸದಾ ಬರುತ್ತಲೇ ಇದೆಯೇ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ.

ಒಳಗೆ ನಡೆಯುವುದೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಮೇಲೆ ಬರುತ್ತಾ ಗಾಳಿಯನ್ನು ಹದಿನಾರರಲ್ಲೋ ಹದಿನೆಂಟರಲ್ಲೋ ಒಂದು ಪಾಲಿಗೆ ಒತ್ತುತ್ತದೆ. ಒತ್ತಡಕ್ಕೆ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಹೊತ್ತಿಗೆ ಇಂಜೆಕ್ಟರ್ ಡೀಸೆಲ್ ಚಿಮ್ಮಿಸುತ್ತದೆ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಜೆಕ್ಟರಿನ ತೂತುಗಳ ಅಗಲ 0.1ರಿಂದ 0.2 ಮಿಲಿಮೀಟರ್ ಅಷ್ಟೇ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ (ಎಲ್ಲ ಇಂಜೆಕ್ಟರಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್) ಐಡ್ಲಿಂಗಿನಲ್ಲೇ ಸುಮಾರು 250-300 ಬಾರ್ ಒತ್ತಡ ಇರುತ್ತದೆ. ಪೂರ್ತಿ ಲೋಡಿನಲ್ಲಿ ಅದು 1,600 ಬಾರ್‌ವರೆಗೂ ಏರಬಹುದು. ಅಷ್ಟು ಒತ್ತಡ ಇದ್ದರೆ ಮಾತ್ರ ಡೀಸೆಲ್ ಮಂಜಿನ ಹಾಗೆ ನುಣ್ಣಗಾಗಿ ಗಾಳಿಯ ಜೊತೆ ಬೆರೆಯುತ್ತದೆ.

ಅಂದರೆ ಸರಿಯಾಗಿ ಸುಡಲು ಮೂರು ಬೇಕು: ಸಾಕಷ್ಟು ಗಾಳಿ, ಸಾಕಷ್ಟು ಬಿಸಿ, ನುಣ್ಣನೆಯ ಸಿಂಪಡಣೆ. ಗಾಳಿ ಸಾಲದಿದ್ದರೆ ಡೀಸೆಲ್ ಅರ್ಧ ಸುಟ್ಟು ಮಸಿಯಾಗುತ್ತದೆ, ಹೊಗೆ ಕಪ್ಪಗಾಗುತ್ತದೆ. ಬಿಸಿ ಸಾಲದಿದ್ದರೆ ಡೀಸೆಲ್ ಹೊತ್ತಿಕೊಳ್ಳದೆ ಆವಿಯಾಗಿ ಹೊರಬರುತ್ತದೆ, ಹೊಗೆ ಬೆಳ್ಳಗಿರುತ್ತದೆ. ಸಿಂಪಡಣೆ ಕೆಟ್ಟರೆ ತಣ್ಣಗಿದ್ದಾಗ ಬಿಳಿ, ಬಿಸಿಯಾದ ಮೇಲೆ ಕಪ್ಪು, ಎರಡೂ ಬರಬಹುದು. ಇದರ ಜೊತೆಗೆ ಆಯಿಲ್ ಅಥವಾ ಕೂಲೆಂಟ್ ತಾನು ಹೋಗಬಾರದ ಜಾಗಕ್ಕೆ ನುಗ್ಗುವ ತೊಂದರೆಗಳು ಬೇರೆ.

ಗಾಳಿಯ ಲೆಕ್ಕ ಒಂದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದನ್ನು ಕೇಳಿದ ಮೇಲೆ ಏರ್ ಫಿಲ್ಟರನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಒಂದು ಲೀಟರ್ ಡೀಸೆಲ್ ಸುಡಲು ಕಡಿಮೆಯೆಂದರೂ ಸುಮಾರು 10,000 ಲೀಟರ್ ಗಾಳಿ ಬೇಕು. ಹೊಗೆಯಿಲ್ಲದೆ ಸುಡಬೇಕಾದರೆ ಅದಕ್ಕಿಂತಲೂ ಜಾಸ್ತಿ ಬೇಕು. ಎರಡೂವರೆ ಲೀಟರಿನ ಎಂಜಿನ್ 2,500 ಆರ್‌ಪಿಎಂನಲ್ಲಿ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಚಕ್ರ) ಸಹಾಯ ಇಲ್ಲದೆಯೇ ನಿಮಿಷಕ್ಕೆ 3,000 ಲೀಟರಿನಷ್ಟು ಗಾಳಿ ಎಳೆಯುತ್ತದೆ. ಟರ್ಬೊ ಅದರ ಮೇಲೆ ಇನ್ನಷ್ಟು ತುಂಬುತ್ತದೆ. ಈ ದಾರಿಯಲ್ಲಿ ಎಲ್ಲೇ ತಡೆ ಬಂದರೂ, ಎಲ್ಲೇ ಸೋರಿದರೂ ಮೊದಲು ಕಾಣುವುದು ಕಪ್ಪು ಹೊಗೆ.

ಕಪ್ಪು ಹೊಗೆ: ಗಾಳಿಯ ದಾರಿ ಹಿಡಿದು ನಡೆಯಿರಿ

ನಾನು ಕಂಡ ಮಟ್ಟಿಗೆ ಜನ ಜಾಸ್ತಿ ದುಡ್ಡು ಸುಮ್ನೆ ಕಳೆದುಕೊಳ್ಳುವುದು ಕಪ್ಪು ಹೊಗೆಯ ವಿಷಯದಲ್ಲೇ. ‘ಡೀಸೆಲ್ ಜಾಸ್ತಿ ಹೋಗ್ತಿದೆ’ ಎಂದು ನೇರವಾಗಿ ಇಂಜೆಕ್ಟರಿಗೆ ಕೈ ಹಾಕುತ್ತಾರೆ. ಡೀಸೆಲ್ ಅಷ್ಟೇ ಇದ್ದು ಗಾಳಿ ಕಡಿಮೆಯಾದರೂ ಇದೇ ಹೊಗೆ ಬರುತ್ತದೆ. ಗಾಳಿಯ ದಾರಿ ನೋಡಲು ಖರ್ಚು ಕಡಿಮೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು.

ಮೊದಲನೆಯದು ಏರ್ ಫಿಲ್ಟರ್. ಮಣ್ಣು ರಸ್ತೆ, ಕಲ್ಲು ಕ್ವಾರಿ, ಇಟ್ಟಿಗೆ ಗೂಡು, ಸುಗ್ಗಿ ಕಾಲದ ಕಣ, ಇಂಥ ಕಡೆ ಓಡುವ ಗಾಡಿಗೆ ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಸಾಲದು. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಅದೂ ಮೆಲ್ಲಗೆ ಹೊಡೆಯಬೇಕು. ಹೊರಗಿನಿಂದ ಜೋರಾಗಿ ಹೊಡೆದರೆ ಕಾಗದ ಹರಿಯುತ್ತದೆ, ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ. ಫಿಲ್ಟರ್ ತೆಗೆದು ‘ಒಂದು ರೌಂಡ್ ಓಡಿಸಿ ನೋಡೋಣ’ ಎನ್ನುವುದಂತೂ ಬೇಡವೇ ಬೇಡ. ಪಿಸ್ಟನ್ ರಿಂಗುಗಳನ್ನು ಸವೆಸಲು ಧೂಳಿನಷ್ಟು ಚುರುಕಾದದ್ದು ಬೇರೆ ಇಲ್ಲ.

ಎರಡನೆಯದು ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳು. ಇವುಗಳಲ್ಲಿ ಬಿರುಕು ಬಿಟ್ಟರೆ ಅಥವಾ ಕ್ಲಾಂಪ್ ಸಡಿಲವಾದರೆ ಟರ್ಬೊ ತಳ್ಳಿದ ಗಾಳಿ ಹೊರಗೆ ಸೋರುತ್ತದೆ. ಇದರ ಗುರುತು ಬಹಳ ಸ್ಪಷ್ಟ: ಐಡ್ಲಿಂಗಿನಲ್ಲಿ ಎಲ್ಲ ಸರಿ, ಖಾಲಿ ಗಾಡಿ ನಿಂತಲ್ಲೇ ರೇಸ್ ಮಾಡಿದರೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಲೋಡ್ ತುಂಬಿ ಮೂರನೇ ಗೇರಿನಲ್ಲಿ ಏರು ಹತ್ತಿಸಿದಾಗ ಬಾನೆಟ್ ಕೆಳಗೆ ‘ಸುಯ್’ ಎಂಬ ಸದ್ದು ಬರುತ್ತದೆ. ಎಳೆತ ಬಿದ್ದು ಹೋಗುತ್ತದೆ, ಹಿಂದೆ ಕಪ್ಪು ಮೋಡ ಏಳುತ್ತದೆ. ಪೈಪಿನ ಕೆಳಭಾಗ ಮತ್ತು ಕ್ಲಾಂಪಿನ ಸುತ್ತ ಎಣ್ಣೆ ಜಿಡ್ಡಿನ ಮೇಲೆ ಧೂಳು ಅಂಟಿದ್ದರೆ ಅಲ್ಲೇ ಸೋರಿಕೆ ಇದೆ ಎಂದು ಬಹುತೇಕ ಹೇಳಬಹುದು. ಬಿರುಕು ಮೇಲಿನಿಂದ ಕಾಣದೆ ಅಡಿಯಲ್ಲಿರುತ್ತದೆ. ಕೈ ಹಾಕಿ ಸವರಿ ನೋಡಬೇಕು, ಎಂಜಿನ್ ತಣ್ಣಗಿದ್ದಾಗ ಮಾತ್ರ. ಶಿರಾಡಿ ಘಾಟಿಯಲ್ಲಿ ನಿಂತು ಹೋದ ಎಷ್ಟೋ ಗಾಡಿಗಳಿಗೆ ಬೇಕಾದದ್ದು ಇಂಥ ಒಂದು ಪೈಪ್ ಮತ್ತು ಎರಡು ಕ್ಲಾಂಪ್ ಮಾತ್ರ.

ಮೂರನೆಯದು ಇಜಿಆರ್ ವಾಲ್ವ್. ಮಾಲಿನ್ಯ ತಗ್ಗಿಸಲು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಬಾಗಿಲು ಇದು. ಮಸಿ ಕಟ್ಟಿ ಅದು ತೆರೆದೇ ನಿಂತರೆ ತಾಜಾ ಗಾಳಿಯ ಜಾಗವನ್ನು ಹೊಗೆಯೇ ತುಂಬುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಜಗ್ಗುವುದು, ಕಪ್ಪು ಹೊಗೆ, ಕೆಲವೊಮ್ಮೆ ಐಡ್ಲಿಂಗಿನಲ್ಲಿ ಅದುರುವುದು, ಇವು ಲಕ್ಷಣ. ಬಿಚ್ಚಿ ಸ್ವಚ್ಛ ಮಾಡಿದರೆ ಬಹಳ ಸಲ ಸರಿಹೋಗುತ್ತದೆ. ತಗಡು ಹಾಕಿ ಮುಚ್ಚಿಸುವವರೂ ಇದ್ದಾರೆ. ಹಾಗೆ ಮಾಡಿದರೆ ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ, ಎಂಜಿನ್ ಲೈಟ್ ಹತ್ತುತ್ತದೆ, ಕಾನೂನಿಗೂ ವಿರುದ್ಧ. ನಾನು ಅದನ್ನು ಒಪ್ಪುವುದಿಲ್ಲ.

ಟರ್ಬೊ ಸ್ವತಃ ಸೋತಿದ್ದರೆ? ಅದರ ಗಾಳಿಯ ಕಡೆಯ ಪೈಪ್ ತೆಗೆದು ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಾರೆ. ಅಡ್ಡಡ್ಡ ತುಸು ಆಟ ಇರುವುದು ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅದು ಮುಗಿದಂತೆ. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ತೆಳು ಆಯಿಲ್ ಪದರದ ಮೇಲೆ ಮಾತ್ರ ನಿಂತಿರುತ್ತದೆ. ಘಾಟಿ ಹತ್ತಿ ಬಂದ ತಕ್ಷಣ ಕೀ ಆಫ್ ಮಾಡಬೇಡಿ, ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಿ ಎಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ.

ಇಷ್ಟೆಲ್ಲ ಸರಿಯಿದ್ದರೆ ಆಗ ಇಂಜೆಕ್ಟರಿನ ಸರದಿ. ತೂತು ಸವೆದೋ, ಮಸಿ ಕಟ್ಟಿಯೋ ಡೀಸೆಲ್ ಮಂಜಾಗುವ ಬದಲು ಹನಿಯಾಗಿ ತೊಟ್ಟಿಕ್ಕಿದರೆ ಲೋಡ್ ಇರಲಿ ಬಿಡಲಿ ಹೊಗೆ ಬರುತ್ತದೆ. ಜೊತೆಗೆ ‘ಟಕ್ ಟಕ್’ ಎಂಬ ಗಡಸು ಸದ್ದು ಇರುತ್ತದೆ. ಇಂಜೆಕ್ಟರನ್ನು ತೆಗೆದು ಟೆಸ್ಟ್ ಬೆಂಚಿನಲ್ಲಿ ಹಾಕಿ ನೋಡದೆ ‘ನಾಲ್ಕೂ ಬದಲಿಸಿ’ ಎಂದರೆ ಒಪ್ಪಬೇಡಿ.

ಎಂಜಿನ್ ಚೆನ್ನಾಗಿದ್ದೂ ಕಪ್ಪು ಹೊಗೆ ಬರುವ ಸಂದರ್ಭ ಒಂದಿದೆ. 1.3 ಟನ್ ಅಥವಾ 1.7 ಟನ್ ಎಂದು ಕಂಪನಿ ಕೊಟ್ಟ ಗಾಡಿಗೆ ಅದರ ಒಂದೂವರೆ ಪಾಲು ತುಂಬಿ, ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿ, ಆಕ್ಸಿಲರೇಟರನ್ನು ತಳಕ್ಕೆ ಒತ್ತಿದರೆ ಯಾವ ಎಂಜಿನ್ನಾದರೂ ಹೊಗೆ ಬಿಡುತ್ತದೆ. ಟರ್ಬೊ ಇನ್ನೂ ಗಾಳಿ ತುಂಬಿರುವುದಿಲ್ಲ, ಡೀಸೆಲ್ ಆಗಲೇ ಬಂದಿರುತ್ತದೆ. ಒಂದು ಗೇರ್ ಕೆಳಗಿಳಿಸಿದರೆ ಹೊಗೆ ನಿಂತಿತೇ? ಹಾಗಾದರೆ ಅದು ಓಡಿಸುವ ರೀತಿಯ ತೊಂದರೆ. ಎತ್ತರವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಟರ್ಬೊ ಇದನ್ನು ಸರಿದೂಗಿಸುತ್ತದೆ. ಟರ್ಬೊ ಅರ್ಧ ಸೋತಿದ್ದರೆ ಕರಾವಳಿಯಲ್ಲಿ ಕಾಣದ ಹೊಗೆ ಅಲ್ಲಿ ಕಾಣಬಹುದು.

ಬಿಳಿ ಹೊಗೆ ಎರಡು ಬಗೆ

ಚಿಕ್ಕಮಗಳೂರು, ಸಕಲೇಶಪುರ ಕಡೆ ಡಿಸೆಂಬರ್ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ತುಸು ಬಿಳಿ ಹೊಗೆ ಬಂದೇ ಬರುತ್ತದೆ. ಎಂಜಿನ್ ತಣ್ಣಗಿದೆ, ಸೈಲೆನ್ಸರಿನಲ್ಲಿ ನೀರಿನ ಪಸೆ ಇದೆ. ಒಂದೆರಡು ನಿಮಿಷದಲ್ಲಿ ಮಾಯವಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಂಜಿನ್ ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ಅದು ಡೀಸೆಲ್ ಆವಿಯೋ ನೀರಿನ ಆವಿಯೋ ಎಂದು ಮೊದಲು ಗೊತ್ತು ಮಾಡಿಕೊಳ್ಳಬೇಕು. ಎರಡಕ್ಕೂ ಮದ್ದು ಪೂರ್ತಿ ಬೇರೆ. ಡೀಸೆಲ್ ಆವಿಯ ವಾಸನೆ ಕಟುವಾಗಿರುತ್ತದೆ, ಕಣ್ಣು ಉರಿಯುತ್ತದೆ, ಹೊಗೆ ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನೀರಿನ ಆವಿ ಸ್ವಲ್ಪ ದೂರ ಹೋಗುತ್ತಲೇ ಕರಗುತ್ತದೆ. ಸೈಲೆನ್ಸರ್ ಬಾಯಿಯಿಂದ ಒಂದು ಅಡಿ ದೂರದಲ್ಲಿ ಬಿಳಿ ಕಾಗದ ಹಿಡಿಯಿರಿ. ಒದ್ದೆಯಾಗಿ ಆಮೇಲೆ ಕಲೆಯಿಲ್ಲದೆ ಒಣಗಿದರೆ ನೀರು. ಜಿಡ್ಡಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್.

ಡೀಸೆಲ್ ಎಂದಾದರೆ ಯಾವುದೋ ಒಂದು ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಬೆಳಿಗ್ಗೆ ಮಾತ್ರ ಈ ತೊಂದರೆ ಇದ್ದು, ಗಾಡಿ ಮಿಸ್ಸಿಂಗ್ ಹೊಡೆಯುತ್ತಾ ಶುರುವಾಗಿ ಆಮೇಲೆ ಸರಿಹೋದರೆ ತಣ್ಣಗಿನ ಸಿಲಿಂಡರನ್ನು ಕಾಯಿಸುವ ಗ್ಲೋ ಪ್ಲಗ್ ಮೇಲೆ ಅನುಮಾನ. ಮಲ್ಟಿಮೀಟರ್ ಇಟ್ಟು ಒಂದೊಂದನ್ನೂ ಅಳೆಯಬಹುದು. ಚೆನ್ನಾಗಿರುವ ಗ್ಲೋ ಪ್ಲಗ್ ಒಂದು ಓಮ್ ಆಸುಪಾಸಿನ ಕಡಿಮೆ ಅಳತೆ ತೋರುತ್ತದೆ. ಕಡಿದು ಹೋದದ್ದು ಏನೂ ತೋರುವುದಿಲ್ಲ. ಗ್ಲೋ ಪ್ಲಗ್ ಸರಿಯಿದ್ದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿರಬಹುದು, ಫಿಲ್ಟರಿನಲ್ಲಿ ನೀರು ಇರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಅಥವಾ ಆ ಸಿಲಿಂಡರಿನ ಕಂಪ್ರೆಷನ್, ಅಂದರೆ ಗಾಳಿ ಒತ್ತುವ ಶಕ್ತಿ, ಬಿದ್ದಿರಬಹುದು. ಕ್ಯಾನಿನಲ್ಲೋ ಡ್ರಮ್ಮಿನಲ್ಲೋ ತುಂಬಿಟ್ಟ ಡೀಸೆಲ್ ಹಾಕುವವರು ಫಿಲ್ಟರಿನ ಕೆಳಗಿರುವ ಡ್ರೈನ್ ಸ್ಕ್ರೂ ಬಿಚ್ಚಿ ಆಗಾಗ ನೀರು ತೆಗೆಯಲೇಬೇಕು. ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಆಯಿಲ್. ಅದರಲ್ಲಿ ನೀರೋ ಸೀಮೆಎಣ್ಣೆಯೋ ಬೆರೆತರೆ ಪಂಪಿನ ಒಳಗಿನ ಲೋಹ ಉಜ್ಜಿ, ಆ ಪುಡಿ ಇಂಜೆಕ್ಟರಿಗೂ ಹೋಗುತ್ತದೆ. ಆಮೇಲೆ ಪಂಪು, ರೈಲು, ಇಂಜೆಕ್ಟರು ಎಲ್ಲ ಒಟ್ಟಿಗೆ ಹೋಗುವ ಕಾಲ ಬರುತ್ತದೆ.

ಯಾವ ಸಿಲಿಂಡರ್ ಸತ್ತಿದೆ ಎಂದು ನೋಡಲು ಹಳೆಯ ಮೆಕ್ಯಾನಿಕ್‌ಗಳಿಗೆ ಒಂದು ಉಪಾಯ ಗೊತ್ತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಡೀಸೆಲ್ ಪಂಪುಗಳನ್ನು ಮಾಡುತ್ತಿದ್ದ ಕಾಲದಿಂದ ಬಂದ ಉಪಾಯ ಅದು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವುದು. ಯಾವುದನ್ನು ಸಡಿಲಿಸಿದರೆ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಈ ಕೆಲಸವನ್ನು ಕಾಮನ್ ರೈಲ್ ಎಂಜಿನ್ನಿನಲ್ಲಿ ಯಾರೂ ಮಾಡಬಾರದು. ಅಲ್ಲಿ ಚಿಮ್ಮುವ ಡೀಸೆಲ್ ಬಟ್ಟೆ, ಕೈಗವಸು ದಾಟಿ ಚರ್ಮದ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಎಂಜಿನ್ನುಗಳಲ್ಲಿ ಅದೇ ಪರೀಕ್ಷೆಯನ್ನು ಸ್ಕ್ಯಾನರ್ ಹಾಕಿ ಒಂದೊಂದು ಇಂಜೆಕ್ಟರನ್ನು ಆಫ್ ಮಾಡಿ ನೋಡಬಹುದು. ಇನ್ನೊಂದು ದಾರಿ ರಿಟರ್ನ್ ಟೆಸ್ಟ್. ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್ಲನ್ನು ನಾಲ್ಕು ಬೇರೆ ಬೇರೆ ಬಾಟಲಿಗೆ ಬಿಡುತ್ತಾರೆ. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೂ ಗಾಡಿ ಶುರುವಾಗದಿದ್ದರೆ ಈ ಪರೀಕ್ಷೆ ಮಾಡಿಸಲೇಬೇಕು.

ಕಾಗದ ನೀರು ತೋರಿಸಿದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಅಡಿಯ ಪಟ್ಟಿ) ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು, ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇಜಿಆರ್ ಕೂಲರ್ ಒಳಗೆ ತೂತಾಗಿರಬಹುದು. ಹೆಡ್ ಗ್ಯಾಸ್ಕೆಟ್ ಆದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ ಬರುತ್ತಲೇ ಇರುತ್ತದೆ. ಇಜಿಆರ್ ಕೂಲರ್ ಆದರೆ ಗಾಡಿ ಹೀಟ್ ಆಗದೆಯೇ ಕೂಲೆಂಟ್ ಮಾತ್ರ ಕಡಿಮೆಯಾಗುತ್ತಾ ಹೋಗಬಹುದು. ಇದು ಗೊತ್ತಿಲ್ಲದೆ ಹೆಡ್ ಇಳಿಸಿ, ಏನೂ ಸಿಗದೆ ಮತ್ತೆ ಜೋಡಿಸಿದ ಗಾಡಿಗಳಿವೆ. ಆಯಿಲ್ ಮುಚ್ಚಳದ ಒಳಗೆ, ಡಿಪ್ ಸ್ಟಿಕ್ ಮೇಲೆ ಬೆಳ್ಳನೆ ಕೆನೆ ಕಂಡರೆ ನೀರು ಆಯಿಲಿಗೂ ಸೇರಿದೆ. ಆಗ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಕೂಲೆಂಟಿನ ಮಾತು ಬಂದಿತು ಎಂದು ಇದನ್ನೂ ಹೇಳುತ್ತೇನೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಗಡಸು. ರೇಡಿಯೇಟರಿಗೆ ವರ್ಷಗಟ್ಟಲೆ ಅದನ್ನೇ ತುಂಬಿದರೆ ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಗಾಡಿ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗುವುದು ಅದರ ಮುಂದಿನ ಹಂತ. ಕೂಲೆಂಟ್ ಖರ್ಚು ಉಳಿಸಿದ್ದು ಅಲ್ಲಿಗೆ ನೂರು ಪಾಲಾಗಿ ಹೋಗುತ್ತದೆ.

ನೀಲಿ ಹೊಗೆ ಬಂದರೆ ಬೋರ್ ಬಂದಿದೆ ಎಂದೇ ಅಲ್ಲ

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ಸಿಲಿಂಡರಿಗೆ ಹೋಗಲು ಹಲವು ದಾರಿ ಇವೆ. ರಿಂಗ್ ಸವೆದು ಕೆಳಗಿನಿಂದ ಬರಬಹುದು. ವಾಲ್ವ್ ಸೀಲ್ ಗಟ್ಟಿಯಾಗಿ ಮೇಲಿನಿಂದ ಇಳಿಯಬಹುದು. ಟರ್ಬೊ ಸೀಲ್ ದಾಟಿ ಗಾಳಿಯ ಜೊತೆಗೇ ಬರಬಹುದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಒಂದು ಸಲ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್. ಬಹಳ ಹೊತ್ತು ಐಡ್ಲಿಂಗಿನಲ್ಲಿ ನಿಂತು, ಅಥವಾ ಗೇರಿನಲ್ಲೇ ಘಾಟಿ ಇಳಿದು, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ದೊಡ್ಡ ನೀಲಿ ಮೋಡ ಬಂದರೆ ಟರ್ಬೊ ಸೀಲನ್ನು ಮೊದಲು ನೋಡಬೇಕು. ಬಿಸಿ ಇರಲಿ ತಣ್ಣಗಿರಲಿ, ಲೋಡ್ ಹೆಚ್ಚಿದಂತೆ ನೀಲಿಯೂ ಹೆಚ್ಚುತ್ತಾ ಸದಾ ಬರುತ್ತಿದ್ದರೆ ರಿಂಗ್ ಮತ್ತು ಬೋರ್ ಕಡೆ ತಿರುಗಬೇಕು.

ಇದಕ್ಕೂ ಮೊದಲು ಡಿಪ್ ಸ್ಟಿಕ್ ನೋಡಿ. ಆಯಿಲ್ ಮೇಲಿನ ಗುರುತು ದಾಟಿ ತುಂಬಿದ್ದರೂ ನೀಲಿ ಹೊಗೆ ಬರುತ್ತದೆ. ಯಾರೂ ತುಂಬದೆಯೇ ಆಯಿಲ್ ಮಟ್ಟ ಏರುತ್ತಿದ್ದರೆ ಅದರಲ್ಲಿ ಡೀಸೆಲ್ ಸೇರುತ್ತಿದೆ. ಅದನ್ನು ಮೂಸಿ ನೋಡಿದರೇ ಗೊತ್ತಾಗುತ್ತದೆ. ಅಂಥ ತೆಳು ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಟರ್ಬೊದ ಬಗ್ಗೆ ಇನ್ನೊಂದು ಮಾತು ಮುಖ್ಯ. ಟರ್ಬೊಗೆ ಒತ್ತಡದಲ್ಲಿ ಆಯಿಲ್ ಬರುತ್ತದೆ, ವಾಪಸ್ ಹೋಗುವುದು ಮಾತ್ರ ತಾನಾಗಿ ಕೆಳಗಿಳಿದು. ಎಂಜಿನ್ನಿನ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡರೆ ಕೆಳಗಿನ ಚೇಂಬರಿನಲ್ಲಿ ಒತ್ತಡ ಏರುತ್ತದೆ. ಆಗ ಟರ್ಬೊದ ಆಯಿಲ್ ಕೆಳಗಿಳಿಯಲಾರದೆ ಸೀಲ್ ದಾಟಿ ಗಾಳಿಯ ಪೈಪಿಗೆ ನುಗ್ಗುತ್ತದೆ. ಟರ್ಬೊ ಕೆಟ್ಟಿತು ಎಂದು ಹೊಸದು ಹಾಕಿದರೆ ಹೊಸದೂ ಅದೇ ರೀತಿ ಸೋರುತ್ತದೆ. ಟರ್ಬೊ ಬದಲಿಸುವ ಮೊದಲು ಬ್ರೀದರ್ ಮತ್ತು ಟರ್ಬೊದ ವಾಪಸ್ ಪೈಪ್ ಸ್ವಚ್ಛ ಮಾಡಿಸಿ ನೋಡುವುದು ಒಂದು ಗಂಟೆಯ ಕೆಲಸ ಅಷ್ಟೇ.

ರಿಂಗ್ ಹೇಗಿದೆ ಎಂದು ಬಿಚ್ಚದೆ ಅಂದಾಜು ಮಾಡಲು ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಅದನ್ನೇ ತಲೆಕೆಳಗಾಗಿ ಬಾಯಿಯ ಮೇಲೆ ಇಡಿ. ತುಸು ನಡುಗಿದರೆ ಸರಿ. ಕುಣಿದು ಹಾರಿ ಬಿದ್ದರೆ, ಒಳಗಿನಿಂದ ಹೊಗೆ ಭುಸುಗುಟ್ಟಿದರೆ, ಸುಡುವ ಗಾಳಿ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರವಿರಲಿ. ಜೊತೆಗೆ ಆಯಿಲ್ ಎಷ್ಟು ಕುಡಿಯುತ್ತಿದೆ ಎಂದು ಲೆಕ್ಕ ಇಡಿ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಮುಟ್ಟಿದರೆ ತಡ ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಟರ್ಬೊ ಸೀಲ್ ಸಂಪೂರ್ಣ ಹೋದರೆ ಒಂದು ದೊಡ್ಡ ಅಪಾಯ ಇದೆ. ಎಂಜಿನ್ ತನ್ನದೇ ಆಯಿಲನ್ನು ಇಂಧನ ಮಾಡಿಕೊಂಡು ತಾನಾಗಿಯೇ ರೇಸ್ ಏರುತ್ತಾ ಹೋಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ, ಯಾಕೆಂದರೆ ಕೀ ನಿಲ್ಲಿಸುವುದು ಡೀಸೆಲ್ಲನ್ನು ಮಾತ್ರ. ಸುತ್ತ ಹೊಗೆ ಕವಿಯುತ್ತದೆ, ಎಂಜಿನ್ ಒಡೆಯುವವರೆಗೂ ಓಡಬಹುದು. ಆಗ ಗಾಬರಿಯಾಗದೆ ಕ್ಲಚ್ ಒತ್ತಿ ನಾಲ್ಕನೇ ಅಥವಾ ಐದನೇ ಗೇರ್ ಹಾಕಿ, ಕಾಲಿನ ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ಎರಡನ್ನೂ ಗಟ್ಟಿಯಾಗಿ ಹಿಡಿದು, ಕ್ಲಚ್ ಬಿಟ್ಟುಬಿಡಿ. ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಗಾಡಿಯ ಮುಂದೆ ಯಾರೂ ಇಲ್ಲ ಎಂದು ನೋಡಿಕೊಳ್ಳಿ. ಅದರಿಂದಲೂ ನಿಲ್ಲದಿದ್ದರೆ ಇಳಿದು ದೂರ ಹೋಗಿ. ಗಾಳಿಯ ಪೈಪಿನ ಬಾಯಿಗೆ ಕೈ ಅಡ್ಡ ಇಡುವ ಧೈರ್ಯ ಯಾರೂ ಮಾಡಬಾರದು.

ಹೊಗೆ ಇಲ್ಲ, ಎಳೆತವೂ ಇಲ್ಲ

ಇಂಥ ಗಾಡಿಗಳೂ ಬರುತ್ತವೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಎಂಜಿನ್ನಿಗೆ ಡೀಸೆಲ್ಲೇ ಸಾಲುವುದಿಲ್ಲ, ಹಾಗಾಗಿ ಹೊಗೆಯೂ ಇರುವುದಿಲ್ಲ. ಕ್ಲಚ್ ಜಾರುತ್ತಿದ್ದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೆ ಓಡಿಸಿ ಬಂದ ಮೇಲೆ ಒಂದು ಚಕ್ರದ ಹಬ್ ಉಳಿದವಕ್ಕಿಂತ ಸುಡುತ್ತಿರುತ್ತದೆ. ಈ ಮೂರನ್ನೂ ನೋಡದೆ ಎಂಜಿನ್ನಿಗೆ ಕೈ ಹಾಕಬಾರದು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಎಂಬ ಮಾಲಿನ್ಯ ನಿಯಮ ಬಂತು. ಈ ಹೊಸ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದ್ದರೆ, ಎಂಜಿನ್ ಒಳಗೆ ಎಷ್ಟೇ ಕಪ್ಪು ಹೊಗೆ ಮಾಡಿದರೂ ಹೊರಗೆ ಕಾಣುವುದಿಲ್ಲ. ಮಸಿ ಫಿಲ್ಟರಿನಲ್ಲೇ ಕಟ್ಟುತ್ತದೆ, ಡಿಪಿಎಫ್ ಲೈಟ್ ಮತ್ತೆ ಮತ್ತೆ ಹತ್ತುತ್ತದೆ. ಆಗ ಫಿಲ್ಟರಿಗೆ ಬೈದು ಪ್ರಯೋಜನ ಇಲ್ಲ. ಇಜಿಆರ್, ಇಂಜೆಕ್ಟರ್, ಗಾಳಿ ಪೈಪ್ ನೋಡಬೇಕು. ಕಟ್ಟಿದ ಮಸಿಯನ್ನು ಎಂಜಿನ್ 600 ಡಿಗ್ರಿ ಆಸುಪಾಸಿನಲ್ಲಿ ಸುಟ್ಟು ತೆಗೆಯುತ್ತದೆ. ಊರೊಳಗೆ ಎರಡೆರಡು ಕಿಲೋಮೀಟರ್ ಓಡಿ ಆಫ್ ಮಾಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಒಳ್ಳೆಯದು. ಡಿಪಿಎಫ್ ಇರುವ ಗಾಡಿಯಲ್ಲಿ ಕಪ್ಪು ಹೊಗೆ ಕಣ್ಣಿಗೆ ಕಂಡರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ಅದನ್ನು ತೆಗೆಸಿದ್ದಾರೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ನೆನಪಿಡಿ.

ಎಮಿಷನ್ ಟೆಸ್ಟ್ ಪಾಸಾದರೆ ಎಂಜಿನ್ ಸರಿಯಿದೆ ಎಂದು ಅರ್ಥವಲ್ಲ. ಡೀಸೆಲ್ ಗಾಡಿಯ ಪರೀಕ್ಷೆಯಲ್ಲಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುತ್ತಾರೆ. ಬಿಎಸ್4 ಗಾಡಿಗೆ 50 ಎಚ್‌ಎಸ್‌ಯು (ಹೊಗೆಯ ದಟ್ಟತೆಯ ಅಳತೆ), ಅದಕ್ಕಿಂತ ಹಳೆಯವಕ್ಕೆ 65 ಮಿತಿ. ಲೋಡ್ ಇಲ್ಲದ ಈ ಪರೀಕ್ಷೆಯಲ್ಲಿ ಟರ್ಬೊ ಪೈಪಿನ ಸೋರಿಕೆ ತಪ್ಪಿಸಿಕೊಂಡುಬಿಡಬಹುದು. ಚೀಟಿ ಸಿಕ್ಕಿತು ಎಂದು ಹೊಗೆಯನ್ನು ಬಿಡುವಂತೆಯೂ ಇಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ಮುಚ್ಚಿದ ಶೆಡ್ಡಿನಲ್ಲಿ ಗಾಡಿ ರೇಸ್ ಮಾಡಿ ಹೊಗೆ ನೋಡುವ ಅಭ್ಯಾಸ ಬಿಡಬೇಕು, ಬಯಲಿಗೆ ತನ್ನಿ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಮೆಕ್ಯಾನಿಕ್ ಹತ್ತಿರ ಹೋಗುವಾಗ ‘ಹೊಗೆ ಬರ್ತಿದೆ’ ಎಂದಷ್ಟೇ ಹೇಳಬೇಡಿ. ಯಾವ ಬಣ್ಣ, ಯಾವಾಗ, ಎಷ್ಟು ದಿನದಿಂದ, ಆಯಿಲ್ ಕೂಲೆಂಟ್ ಎಷ್ಟು ಇಳಿದಿದೆ ಎಂದು ಹೇಳಿ. ಫೋನಿನಲ್ಲಿ ಬೆಳಗಿನ ಸ್ಟಾರ್ಟ್ ಒಂದು, ಏರು ಹತ್ತುವಾಗಿನದು ಒಂದು ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಗಾಡಿಯನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು, ಮೆಕ್ಯಾನಿಕ್ಕೇ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಂತೆ ಕೇಳಿ.

ಸ್ಕ್ಯಾನರ್ ಹಾಕಿಸಿದರೆ ಬರುವ ಕೋಡನ್ನು ಬರೆದುಕೊಳ್ಳಿ. ಪಿ0299 ಎಂದರೆ ಟರ್ಬೊ ಒತ್ತಡ ಸಾಲದು. ಪಿ0087 ಎಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. ಪಿ0401 ಎಂದರೆ ಇಜಿಆರ್ ಹರಿವು ಸಾಲದು. ಕೋಡು ಹೇಳುವುದು ಲಕ್ಷಣವನ್ನು. ಪಿ0299 ಬಂತು ಎಂದು ಟರ್ಬೊ ಬದಲಿಸುವುದು ತಪ್ಪು, ಪೈಪ್ ಸೋರಿದರೂ ಅದೇ ಕೋಡು ಬರುತ್ತದೆ. ಪಿ0087ಗೂ ಹಾಗೆಯೇ. ಪಂಪಿಗೆ ಕೈ ಹಾಕುವ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ರಿಟರ್ನ್ ಟೆಸ್ಟ್ ಮಾಡಿಸಿ.

ಇಷ್ಟಾದ ಮೇಲೂ ಅನುಮಾನ ಎಂಜಿನ್ ಒಳಗೇ ಇದ್ದರೆ ಕಂಪ್ರೆಷನ್ ಟೆಸ್ಟ್ ಕೇಳಿ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದ ಜಾಗದಲ್ಲಿ ಡೀಸೆಲ್ ಎಂಜಿನ್ನಿನದೇ ಗೇಜ್ ಕೂರಿಸಿ ಅಳೆಯುತ್ತಾರೆ. ಪೆಟ್ರೋಲ್ ಗೇಜಿಗೆ ಈ ಒತ್ತಡ ತಡೆಯುವುದಿಲ್ಲ. ಒಳ್ಳೆಯ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 25-30 ಬಾರ್ ಬರುತ್ತದೆ, ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ನಾಲ್ಕೂ ಸಿಲಿಂಡರ್ ಒಂದೇ ಸಮ ಇವೆಯೇ ಎನ್ನುವುದು ಅಷ್ಟೇ ಮುಖ್ಯ. ಒಂದು ಮಾತ್ರ ಬಿದ್ದಿದ್ದರೆ ವಾಲ್ವ್, ಗ್ಯಾಸ್ಕೆಟ್ ಅಥವಾ ಒಂದು ಪಿಸ್ಟನ್ನಿನ ತೊಂದರೆ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ನಾಲ್ಕೂ ಕಡಿಮೆ ಇದ್ದು, ಮುಚ್ಚಳವೂ ಹಾರಿ, ಆಯಿಲೂ ಕುಡಿಯುತ್ತಿದ್ದರೆ ಮಾತ್ರ ಬೋರ್ ಮಾತಿಗೆ ಒಪ್ಪಬಹುದು.

ಬಿಚ್ಚಿದ ಮೇಲೆ ಬೋರ್ ಗೇಜಿನಲ್ಲಿ ಅಳೆದ ಅಂಕಿಗಳನ್ನು ಬರೆಸಿಕೊಳ್ಳಿ. ಹೆಡ್ಡನ್ನು ಮಷಿನ್ ಶಾಪಿನಲ್ಲಿ ಬಿರುಕಿಗೆ ಪರೀಕ್ಷೆ ಮಾಡಿಸಿ. ಹೊಸ ಇಂಜೆಕ್ಟರ್ ಹಾಕಿಸಿದರೆ ಅದರ ತಲೆಯ ಮೇಲೆ ಒಂದು ಕೋಡು ಬರೆದಿರುತ್ತದೆ. ಹೆಚ್ಚಿನ ಕಾಮನ್ ರೈಲ್ ಗಾಡಿಗಳಲ್ಲಿ ಆ ಕೋಡನ್ನು ಸ್ಕ್ಯಾನರಿನಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತುಂಬಬೇಕು, ತುಂಬದಿದ್ದರೆ ಹೊಸ ಇಂಜೆಕ್ಟರೂ ಅದುರುತ್ತದೆ, ಹೊಗೆ ಬಿಡುತ್ತದೆ. ಎದುರಿಗೇ ನಿಂತು ಮಾಡಿಸಿ. ಬೋರ್ ಮಾಡಿಸಿದ ಎಂಜಿನ್ನಿಗೆ ಮೊದಲ 1,000 ಕಿಲೋಮೀಟರ್ ಪೂರ್ತಿ ಲೋಡ್ ಹಾಕಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಅಷ್ಟಾದ ಮೇಲೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ.